ನೆತ್ತಿಯೊಳಗಿನ ಸಪ್ಪಳ

ನಾನು ಹೊಸಪೇಟೆಯ ಒಂದು ಹೆರಿಗೆ ಆಸ್ಪತ್ರೆಗೆ ನರ್ಸ್ ಆಗಿ ಸೇರಿದ್ದು 1985ರಲ್ಲಿ. ಎಳೆಮಕ್ಕಳ ವಾರ್ಡಿಗೆ ಹಾಕಿದ ದಿನವೇ ಮಕ್ಕಳ ಡಾಕ್ಟರ್ ಗವಿಸಿದ್ದಪ್ಪನವರು ನನ್ನನ್ನು ಕರೆದು, ಔಷಧಿಯ ಅಳತೆಯನ್ನು ನನ್ನಿಂದ ಕಲಿತುಕೊಳ್ಳಿ, ಮಗುವನ್ನು ಮುಟ್ಟುವುದು ಹೇಗೆಂದು ಉಚ್ಚಂಗೆಮ್ಮನವರಿಂದ ಕಲಿತುಕೊಳ್ಳಿ ಎಂದರು. ಯಾರೋ ಹಿರಿಯ ಸಿಸ್ಟರ್ ಇರಬೇಕೆಂದು ಹುಡುಕಿಕೊಂಡು ಹೋದೆ. ನೋಡಿದರೆ ಅವರು ವಾರ್ಡಿನ ಆಯಾ. ನನ್ನ ಭುಜಕ್ಕೆ ಬರುವಷ್ಟು ಎತ್ತರ, ಹಣೆಯ ಮೇಲೆ ಹಸಿರು ಹಚ್ಚೆ, ಮೊಣಕೈವರೆಗೆ ಮಡಿಚಿದ ಕುಪ್ಪಸದ ತೋಳು. ಆಯಾಗಳನ್ನು ಸಿಸ್ಟರುಗಳು ಏಕವಚನದಲ್ಲಿ ಕರೆಯುವುದು ಆಗಿನ ರೂಢಿ. ಉಚ್ಚಂಗೆಮ್ಮನವರನ್ನು ಮಾತ್ರ ಯಾರೂ ಹಾಗೆ ಕರೆದದ್ದನ್ನು ನಾನು ಕೇಳಲಿಲ್ಲ.

ಮಗುವನ್ನು ಎತ್ತಿಕೊಳ್ಳುವ ಮೊದಲು ಅವರು ಎರಡೂ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಒಂದು ಕೈ ಕುತ್ತಿಗೆಯ ಕೆಳಗೆ, ಇನ್ನೊಂದು ಬೆನ್ನಿಗೆ. ಮಗುವಿಗೆ ತನ್ನನ್ನು ಎತ್ತಿದ್ದೇ ಗೊತ್ತಾಗುತ್ತಿರಲಿಲ್ಲ. ಸ್ನಾನ ಮಾಡಿಸಿ ಒರೆಸಿದ ಮೇಲೆ ಅವರು ಒಂದು ಕ್ಷಣ ನಿಲ್ಲುತ್ತಿದ್ದರು. ಕೂಸಿನ ನೆತ್ತಿಯಲ್ಲಿ ಎಲುಬು ಇನ್ನೂ ಕೂಡದ ಮೆತ್ತನೆಯ ಜಾಗ ಇರುತ್ತದಲ್ಲ, ಅದು ಮಿಡಿಯುವುದನ್ನು ಮುಟ್ಟದೆ ದಿಟ್ಟಿಸಿ ನೋಡುತ್ತಿದ್ದರು. ಇದು ಅವರ ಅಭ್ಯಾಸ ಎಂದಷ್ಟೇ ನಾನು ತಿಳಿದಿದ್ದೆ. ಅದರ ಹಿಂದಿನ ಕಥೆಯನ್ನು ಅವರು ನನಗೆ ಹೇಳಿದ್ದು ಏಳೆಂಟು ವರ್ಷ ಕಳೆದ ಮೇಲೆ.

ಉಚ್ಚಂಗೆಮ್ಮ ಹುಟ್ಟಿದ್ದು ಎಮ್ಮಿಗನೂರಿನಲ್ಲಿ. ಕಾಲುವೆಗೆ ಮೊದಲ ಸಲ ನೀರು ಬಿಟ್ಟಾಗ ಅವರಿಗೆ ಹದಿಮೂರು ವರ್ಷ. ಅಲ್ಲಿಯವರೆಗೆ ಜೋಳ, ಸಜ್ಜೆ ಬೆಳೆಯುತ್ತಿದ್ದ ಹೊಲಗಳಲ್ಲಿ ಭತ್ತ ಬಂತು, ಕಬ್ಬು ಬಂತು. ಅವರ ಮನೆಯವರಿಗೆ ಸ್ವಂತ ಹೊಲವಿರಲಿಲ್ಲ. ಆದರೂ ನಾಟಿಗೆ, ಕೊಯ್ಲಿಗೆ ವರ್ಷವಿಡೀ ಕೆಲಸ ಸಿಕ್ಕಿತು, ಎರಡು ಹೊತ್ತೂ ಅನ್ನ ಉಣ್ಣುವಂತಾಯಿತು. ಮದುವೆಯಾದದ್ದು ಓಬಳಪ್ಪ ಎಂಬುವರ ಜೊತೆ. ಓಬಳಪ್ಪ ಕಾಲುವೆಯ ಗ್ಯಾಂಗ್‌ಮನ್. ಏರಿಯ ಮೇಲೆ ನಡೆದು ಎಲ್ಲಿ ಬಿರುಕು ಬಿಟ್ಟಿದೆ, ಯಾವ ತೂಬು ತೆರೆದಿದೆ ಎಂದು ನೋಡಿಕೊಳ್ಳುವುದು ಅವರ ಕೆಲಸ.

1963ರಲ್ಲಿ ಉಚ್ಚಂಗೆಮ್ಮನವರಿಗೆ ಮೊದಲ ಹೆರಿಗೆ. ಎರಡು ದಿನ ನೋವು ತಿಂದರೂ ಮಗು ಹೊರಗೆ ಬರಲಿಲ್ಲ. ಕೊನೆಗೆ ಗಾಡಿ ಕಟ್ಟಿಕೊಂಡು ಕಂಪ್ಲಿಗೆ ಕರೆದೊಯ್ದರು. ಹೆಣ್ಣು ಮಗು ಹುಟ್ಟಿತು, ಅಳಲಿಲ್ಲ. ಬಹಳ ಹೊತ್ತು ಉಜ್ಜಿ, ಬಾಯಿಗೆ ಗಾಳಿ ಊದಿದ ಮೇಲೆ ಸಣ್ಣಗೆ ನರಳಿತು. ಸುಂಕಮ್ಮ ಎಂದು ಹೆಸರಿಟ್ಟರು. ಆರು ತಿಂಗಳಾದರೂ ಕುತ್ತಿಗೆ ನಿಲ್ಲಲಿಲ್ಲ. ಕೈಗಳು ಸದಾ ಮುಷ್ಟಿ ಕಟ್ಟಿಕೊಂಡಿರುತ್ತಿದ್ದವು, ಕಾಲುಗಳು ಕತ್ತರಿಯಂತೆ ಬಿಗಿದುಕೊಳ್ಳುತ್ತಿದ್ದವು. ಬಳ್ಳಾರಿಯ ದೊಡ್ಡ ಡಾಕ್ಟರ್ ನೋಡಿ, ಹುಟ್ಟುವ ಹೊತ್ತಿಗೆ ಮಿದುಳಿಗೆ ರಕ್ತ ಹೋಗಿಲ್ಲ ಎಂದು ಒಂದೇ ಸಾಲು ಹೇಳಿ ಕಳಿಸಿದರು.

ಆ ಸಾಲು ಉಚ್ಚಂಗೆಮ್ಮನವರಿಗೆ ಅರ್ಥವಾಗಲಿಲ್ಲ. ಹುಟ್ಟಿದ ಮಾರನೆಯ ದಿನ ಎರೆಯುವಾಗ ಮಗಳ ನೆತ್ತಿ ಮಿಡಿಯುತ್ತಿದ್ದುದನ್ನು ಅವರು ಕಣ್ಣಾರೆ ಕಂಡಿದ್ದರು. ಮಿಡಿಯುತ್ತಿದೆ ಎಂದ ಮೇಲೆ ರಕ್ತ ಹೋಗುತ್ತಿದೆ ಎಂದೇ ತಾನೆ? ಅತ್ತೆ ಬೇರೆ ಕಾರಣ ಹೇಳಿದರು. ನೀನೇ ಎಣ್ಣೆ ಹಚ್ಚುವಾಗ ನೆತ್ತಿ ಒತ್ತಿಬಿಟ್ಟೆ ಎಂದರು. ಒಂದು ಸಲ ಹೇಳಿ ಬಿಟ್ಟ ಮಾತು ಅದು. ಆಮೇಲೆ ಅತ್ತೆಗೇ ಅದು ನೆನಪಿತ್ತೋ ಇಲ್ಲವೋ. ಉಚ್ಚಂಗೆಮ್ಮ ಮಾತ್ರ ಅದನ್ನು ಮರೆಯಲಿಲ್ಲ. ಹಚ್ಚಿದ್ದು ಎಷ್ಟು ಎಣ್ಣೆ, ಒತ್ತಿದ್ದು ಎಷ್ಟು ಎಂದು ನೆನಪು ಮಾಡಿಕೊಳ್ಳಲು ಹೋದಷ್ಟೂ ಕೈ ಭಾರವಾಗಿಯೇ ಬಿದ್ದಿತ್ತು ಅನ್ನಿಸುತ್ತಿತ್ತು. ಸುಂಕಮ್ಮನನ್ನು ಒಂಬತ್ತು ವರ್ಷ ಸೊಂಟದ ಮೇಲೆ ಹೊತ್ತು ಸಾಕಿದರು. 1972ರಲ್ಲಿ ಜ್ವರ ಬಂದು ನಾಲ್ಕು ದಿನದಲ್ಲಿ ಮಗು ಹೋಯಿತು. ಮರುವರ್ಷ ಓಬಳಪ್ಪನವರಿಗೆ ಹೊಸಪೇಟೆಯ ಕಡೆಗೆ ಕೆಲಸ ಬದಲಾಗಿ, ಚಿತ್ತವಾಡ್ಗಿಯಲ್ಲಿ ಮನೆ ಹಿಡಿದರು. ಉಚ್ಚಂಗೆಮ್ಮ ಆಸ್ಪತ್ರೆಗೆ ಆಯಾ ಆಗಿ ಸೇರಿದರು. ಬೇರೆ ವಾರ್ಡು ಕೊಟ್ಟರೆ ಬೇಡವೆಂದು, ಎಳೆಮಕ್ಕಳ ವಾರ್ಡನ್ನೇ ಕೇಳಿ ಪಡೆದರಂತೆ.

1993ರ ಆಗಸ್ಟಿನಲ್ಲಿ ಸಂಡೂರಿನ ಬಸ್ಸಿನಿಂದ ಒಬ್ಬ ಯುವಕ ಎರಡು ದೊಡ್ಡ ರಟ್ಟಿನ ಪೆಟ್ಟಿಗೆಗಳೊಂದಿಗೆ ಇಳಿದು ಆಸ್ಪತ್ರೆಗೆ ಬಂದ. ಹೆಸರು ಮಾರೆಪ್ಪ. ತಂದೆ ಮ್ಯಾಂಗನೀಸ್ ಗಣಿಯಲ್ಲಿ ಲಾರಿ ತುಂಬುವ ಕೆಲಸದವರು. ಮಗ ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಓದಿ, ಸಂಶೋಧನೆಗೆ ಕೂಸುಗಳ ಮಿದುಳಿನ ರಕ್ತದ ಹರಿವನ್ನು ವಿಷಯವಾಗಿ ಆರಿಸಿಕೊಂಡಿದ್ದ. ಗವಿಸಿದ್ದಪ್ಪ ಡಾಕ್ಟರು ಒಪ್ಪಿ ವಾರ್ಡಿನ ಪಕ್ಕದ ಸಣ್ಣ ಕೋಣೆಯನ್ನು ಬಿಟ್ಟುಕೊಟ್ಟಿದ್ದರು. ಮಾರೆಪ್ಪ ಮೊದಲು ಮೇಜಿನ ಮೂಲೆಯಲ್ಲಿ ಅಂಗೈಯಷ್ಟಗಲದ ಬುದ್ಧನ ಚಿತ್ರವನ್ನು ನಿಲ್ಲಿಸಿದ. ಆಮೇಲೆ ಕಂಪ್ಯೂಟರ್ ಜೋಡಿಸಿದ. ನಮ್ಮ ಆಸ್ಪತ್ರೆಗೆ ಬಂದ ಮೊದಲ ಕಂಪ್ಯೂಟರ್ ಅದು. ಅದಕ್ಕೆ ತಗುಲಿಕೊಂಡಂತೆ ಅವನೇ ತಯಾರಿಸಿದ ಒಂದು ಕಬ್ಬಿಣದ ಡಬ್ಬಿ, ಡಬ್ಬಿಯಿಂದ ಹೊರಟ ತಂತಿಯ ತುದಿಯಲ್ಲಿ ದಪ್ಪ ಪೆನ್ಸಿಲಿನಂಥ ಒಂದು ಕಡ್ಡಿ.

ಕಡ್ಡಿಯ ತುದಿಗೆ ಜೆಲ್ಲಿ ಸವರಿ ಮಗುವಿನ ನೆತ್ತಿಯ ಮೆತ್ತನೆ ಜಾಗಕ್ಕೆ ತಾಗಿಸಿದರೆ, ಅದು ನಮ್ಮ ಕಿವಿಗೆ ಕೇಳದಷ್ಟು ಏರುಸ್ಥಾಯಿಯ ಧ್ವನಿಯನ್ನು ಒಳಗೆ ಕಳಿಸುತ್ತದೆ. ಹರಿಯುವ ರಕ್ತಕ್ಕೆ ಬಡಿದು ಆ ಧ್ವನಿ ಬದಲಾಗಿ ಹಿಂದಕ್ಕೆ ಬರುತ್ತದೆ. ಆ ಬದಲಾವಣೆಯಿಂದ ರಕ್ತ ಯಾವ ವೇಗದಲ್ಲಿ, ಯಾವ ಕಡೆಗೆ ಹರಿಯುತ್ತಿದೆ ಎಂದು ತಿಳಿಯುತ್ತದೆ. ಪರದೆಯ ಮೇಲೆ ಅದು ಹಸಿರು ಗೆರೆಯಾಗಿ ಮೂಡುತ್ತದೆ, ಡಬ್ಬಿಯಲ್ಲಿ ಸಪ್ಪಳವಾಗಿ ಕೇಳುತ್ತದೆ. ಆ ಗೆರೆಗಳನ್ನು ಓದಿ ಯಾವ ಮಗುವಿನ ಮಿದುಳಿಗೆ ರಕ್ತ ಸರಿಯಾಗಿ ಹೋಗುತ್ತಿದೆ, ಯಾವುದಕ್ಕೆ ಇಲ್ಲ ಎಂದು ಕಂಪ್ಯೂಟರೇ ಗುರುತಿಸುವಂತೆ ಮಾಡಬೇಕು ಎಂಬುದು ಮಾರೆಪ್ಪನ ಕನಸು.

ಮೊದಲ ವಾರ ಏನೂ ಆಗಲಿಲ್ಲ. ಕಡ್ಡಿ ತಾಗಿದ ತಕ್ಷಣ ಮಕ್ಕಳು ಅಳುತ್ತಿದ್ದವು. ಅತ್ತರೆ ಗೆರೆ ಚೂರುಚೂರಾಗುತ್ತಿತ್ತು. ನಾನು ಹಿಡಿದೆ, ಇನ್ನಿಬ್ಬರು ಸಿಸ್ಟರು ಹಿಡಿದರು. ನಾವು ಹಿಡಿದಾಗ ಗೆರೆ ಒಂದೆರಡು ಕ್ಷಣ ಮೂಡಿ ಅಡಿಭಾಗ ಪೂರ್ತಿ ಕತ್ತರಿಸಿಹೋಗುತ್ತಿತ್ತು. ಮಾರೆಪ್ಪ ತಲೆ ಕೆಡಿಸಿಕೊಂಡು ತಂತಿಗಳನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಿದ. ದೋಷ ತಂತಿಯದಲ್ಲ, ನಮ್ಮ ಕೈಯದು ಎಂದು ಕೊನೆಗೆ ತಿಳಿಯಿತು. ನೆತ್ತಿಯ ಮೇಲೆ ಭಾರ ಕೂದಲೆಳೆಯಷ್ಟು ಹೆಚ್ಚಾದರೂ ಒಳಗಿನ ಒತ್ತಡ ಏರಿ ಹರಿವಿಗೆ ತಡೆಯಾಗುತ್ತಿತ್ತು. ಕೈ ತೆಗೆದರೆ ಮರುಕ್ಷಣವೇ ಸರಿಹೋಗುತ್ತಿತ್ತು. ಆದರೆ ಹಾಗೆ ಹಿಡಿದರೆ ಕಾಯಿಲೆ ಇಲ್ಲದ ಮಗುವೂ ಕಾಯಿಲೆಯದಾಗಿ ಕಾಣುತ್ತಿತ್ತು.

ಬಾಗಿಲ ಬಳಿ ಬಟ್ಟೆ ಮಡಿಚುತ್ತಿದ್ದ ಉಚ್ಚಂಗೆಮ್ಮ ಆಗ ತಾವು ಹಿಡಿದು ನೋಡಬಹುದೇ ಎಂದು ಕೇಳಿದರು. ಕೇಳುವಾಗ ಅವರ ಮುಖ ಬಿಳುಚಿತ್ತು ಎಂಬುದು ನನಗೆ ಈಗಲೂ ನೆನಪಿದೆ. ಡಾಕ್ಟರು ತಲೆಯಾಡಿಸಿದರು.

ಉಚ್ಚಂಗೆಮ್ಮ ಅಂಗೈ ಉಜ್ಜಿಕೊಂಡರು. ಜೆಲ್ಲಿಯನ್ನು ತಣ್ಣಗೆ ಹಚ್ಚದೆ ಬೆರಳಲ್ಲಿ ಬೆಚ್ಚಗೆ ಮಾಡಿ ಹಚ್ಚಿದರು. ಕಿರುಬೆರಳನ್ನು ಮಗುವಿನ ಹಣೆಯ ಎಲುಬಿಗೆ ಆನಿಸಿ, ಕಡ್ಡಿಯ ಭಾರವನ್ನೆಲ್ಲ ತಮ್ಮ ಕೈಯೇ ಹೊರುವಂತೆ ಹಿಡಿದು, ತುದಿಯನ್ನು ಜೆಲ್ಲಿಗಷ್ಟೇ ಮುಟ್ಟಿಸಿದರು. ಮಗು ನಿದ್ದೆಯಲ್ಲೇ ಇತ್ತು. ಡಬ್ಬಿಯಲ್ಲಿ ಮೊದಲು ಬರೀ ಗರಗರ. ಅವರು ಕೈಯನ್ನು ಒಂದು ಎಳ್ಳಿನಷ್ಟು ವಾಲಿಸಿದರು.

ಆಗ ಬಂತು. ಹುಶ್ಶ್, ಹುಶ್ಶ್, ಹುಶ್ಶ್ ಎಂಬ ಸಪ್ಪಳ. ಪ್ರತಿ ಮಿಡಿತಕ್ಕೆ ಎದ್ದು, ಇಳಿದು, ಇಳಿದರೂ ಪೂರ್ತಿ ನಿಲ್ಲದೆ ಮುಂದಿನದನ್ನು ಸೇರುತ್ತಿತ್ತು. ಪರದೆಯ ಮೇಲೆ ಹಸಿರು ಅಲೆಗಳು ಒಂದರ ಹಿಂದೆ ಒಂದು ಸಾಲಾಗಿ ನಡೆದವು. ನಾನು ಅಲ್ಲಿಯವರೆಗೆ ನೂರಾರು ಹೆರಿಗೆ ನೋಡಿದ್ದೆ, ಮಕ್ಕಳ ಎದೆಬಡಿತ ಎಣಿಸಿದ್ದೆ. ಆದರೆ ಇಷ್ಟು ಸಣ್ಣ ತಲೆಯೊಳಗೆ, ಸೂಜಿಗಿಂತ ತೆಳ್ಳಗಿನ ನಾಳದಲ್ಲಿ, ಹೀಗೊಂದು ಹೊಳೆ ಹರಿಯುತ್ತಿರುತ್ತದೆ ಎಂಬುದು ಪುಸ್ತಕದಲ್ಲಿ ಓದಿದ ಸಂಗತಿಯಾಗಿತ್ತೇ ಹೊರತು ಕಿವಿಗೆ ಬಿದ್ದದ್ದು ಅದೇ ಮೊದಲು.

"ಇದು ಏನ್ರಿ ಸಾರ್?" ಉಚ್ಚಂಗೆಮ್ಮ ಕೈ ಕದಲಿಸದೆ ಕೇಳಿದರು.

"ಕೂಸಿನ ಮಿದುಳಿಗೆ ಹೊಂಟ ರಕ್ತದ ಸಪ್ಪಳರಿ ಅವ್ವಾರ," ಎಂದ ಮಾರೆಪ್ಪ.

ಮೂರು ನಿಮಿಷ ಬೇಕಿತ್ತು, ಐದು ನಿಮಿಷವಾದರೂ ಅವರು ಕಡ್ಡಿ ತೆಗೆಯಲಿಲ್ಲ. ಡಾಕ್ಟರೇ ಮೆಲ್ಲಗೆ ಸಾಕು ಎಂದರು. ಆ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಅವರು ಬುತ್ತಿ ಬಿಚ್ಚದೆ ವರಾಂಡದ ಕಂಬಕ್ಕೆ ಒರಗಿ ಕೂತಿದ್ದರು. ಪಕ್ಕದಲ್ಲಿ ಕೂತ ನನಗೆ ಸುಂಕಮ್ಮನ ಕಥೆಯನ್ನೆಲ್ಲ ಹೇಳಿದ್ದು ಆಗಲೇ.

ಅಂದಿನಿಂದ ಕಡ್ಡಿ ಹಿಡಿಯುವ ಕೆಲಸ ಅವರದಾಯಿತು. ಬೆಳಿಗ್ಗೆ ಸ್ನಾನ ಮುಗಿದ ಮೇಲೆ ಒಂದೊಂದೇ ಮಗುವಿನ ಸಪ್ಪಳ ಹಿಡಿದು ಕಂಪ್ಯೂಟರಿಗೆ ಕೊಡುವುದು. ತಾಯಂದಿರು ಮೊದಮೊದಲು ಹೆದರಿದರು. ತಲೆಗೆ ಕರೆಂಟು ಹಾಯಿಸುತ್ತಾರೆ ಎಂದು ಯಾರೋ ಹಬ್ಬಿಸಿದ್ದರು. ಉಚ್ಚಂಗೆಮ್ಮ ಕಡ್ಡಿಯನ್ನು ಮೊದಲು ತಮ್ಮ ಮಣಿಕಟ್ಟಿಗೆ ಇಟ್ಟು ತಮ್ಮದೇ ರಕ್ತದ ಸದ್ದು ಕೇಳಿಸುತ್ತಿದ್ದರು, ಆಮೇಲೆ ತಾಯಿಯ ಮಣಿಕಟ್ಟಿಗೆ, ಆಮೇಲೆ ಮಗುವಿಗೆ. ಕೇಳಿದವರು ಹೊರಗೆ ಹೋಗಿ ಇನ್ನೊಬ್ಬರಿಗೆ ಹೇಳಿದರು. ಕೊನೆಗೆ ಅಜ್ಜಿಯಂದಿರು ತಾವೂ ಕೇಳಬೇಕೆಂದು ಬಾಗಿಲಲ್ಲಿ ಸಾಲುಗಟ್ಟಿದರು. ಹಂಪಿಯಲ್ಲಿ ಉತ್ಖನನದ ಕೂಲಿಗೆ ಹೋಗುವ ತಾಯಕ್ಕ ಎಂಬ ಮುದುಕಿ ಮೊಮ್ಮಗನ ನೆತ್ತಿಯ ಸದ್ದು ಕೇಳಿ, ಇಷ್ಟು ದಿನ ನೆಲದೊಳಗೆ ಇದ್ದದ್ದನ್ನು ಸಾಹೇಬರು ಹೊರತೆಗೆಯುವುದನ್ನು ನೋಡಿದ್ದೆ, ತಲೆಯೊಳಗೆ ಇರುವುದನ್ನು ಇವತ್ತು ನೋಡಿದೆ ಎಂದು ಪರದೆಗೆ ಕೈ ಮುಗಿದಳು.

ಮೂರು ತಿಂಗಳಲ್ಲಿ ನೂರಾ ಹತ್ತು ಮಕ್ಕಳ ಗೆರೆಗಳು ಕೂಡಿದವು. ಆಮೇಲೆ ಮಾರೆಪ್ಪ ಕಂಪ್ಯೂಟರಿಗೆ ಕಲಿಸಲು ಕೂತ. ನಾವು ಕಂಪ್ಯೂಟರ್ ಎಂದರೆ ಹೇಳಿದ್ದನ್ನು ಮಾಡುವ ಯಂತ್ರ ಎಂದುಕೊಂಡಿದ್ದೆವು. ಇದು ಹಾಗಲ್ಲ ಎಂದು ಅವನು ವಿವರಿಸಿದ. ಗೆರೆ ಹೀಗಿದ್ದರೆ ಸರಿ, ಹಾಗಿದ್ದರೆ ತಪ್ಪು ಎಂಬ ನಿಯಮವನ್ನು ಅವನು ಅದಕ್ಕೆ ಬರೆದುಕೊಡುವುದಿಲ್ಲ. ಒಂದೊಂದೇ ಗೆರೆ ತೋರಿಸಿ, ಇದು ಹೇಗಿದೆ ಎಂದು ಕೇಳುತ್ತಾನೆ. ಅದು ತೋಚಿದ ಉತ್ತರ ಕೊಡುತ್ತದೆ. ಡಾಕ್ಟರು ಮೊದಲೇ ಗುರುತು ಮಾಡಿಟ್ಟ ಉತ್ತರಕ್ಕೆ ಅದನ್ನು ಹೋಲಿಸಿ, ತಪ್ಪಿದ್ದರೆ ತನ್ನೊಳಗಿನ ಸಾವಿರಾರು ಎಳೆಗಳಲ್ಲಿ ಕೆಲವನ್ನು ಬಿಗಿ ಮಾಡಿ, ಕೆಲವನ್ನು ಸಡಿಲ ಮಾಡಿ, ಮತ್ತೆ ನೋಡುತ್ತದೆ.

"ತಪ್ಪು ಮಾಡಿದ್ರ ತಾನ ತಿದ್ಕೊಂತೈತೇನ್ರಿ?" ಎಂದರು ಉಚ್ಚಂಗೆಮ್ಮ.

"ತಾನ ತಿದ್ಕೊಂತೈತ್ರಿ. ಯಾವ ಎಳಿ ಯಾಕ ಬಿಗೀತು ಅಂತ ಕೇಳಿದ್ರ ನನಗೂ ಹೇಳಾಕ ಬರಂಗಿಲ್ಲ."

ಒಂದು ಸೋಮವಾರ ಬೆಳಿಗ್ಗೆ ಕಲಿಕೆ ಶುರುವಾಯಿತು. ಪರದೆಯ ಮೂಲೆಯಲ್ಲಿ ಒಂದು ಸಂಖ್ಯೆ. ನೂರಾ ಹತ್ತರಲ್ಲಿ ಎಷ್ಟು ತಪ್ಪು ಎಂದು ಅದು ತೋರಿಸುತ್ತಿತ್ತು. ಮೊದಲಿಗೆ ಐವತ್ತೆರಡು. ನಡುವೆ ಎರಡು ಸಲ ಕರೆಂಟು ಹೋದರೂ ಬ್ಯಾಟರಿಯ ಮೇಲೆ ಓಡಿತು. ಡಬ್ಬಿ ಬಿಸಿಯಾಗಬಾರದೆಂದು ವಾರ್ಡಿನ ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿಟ್ಟೆವು. ಮಧ್ಯಾಹ್ನ ಮೂವತ್ತಾಯಿತು. ನಾಲ್ಕು ಗಂಟೆಗೆ ಹದಿನಾಲ್ಕು. ಕೆಲಸದ ನಡುವೆ ಬಂದು ಬಂದು ನೋಡಿ ಹೋಗುತ್ತಿದ್ದೆವು. ಅಕ್ಷರ ಬಾರದಿದ್ದರೂ ಅಂಕಿ ಗೊತ್ತಿದ್ದ ಉಚ್ಚಂಗೆಮ್ಮ ಬಾಗಿಲ ಚೌಕಟ್ಟಿಗೆ ಕೈ ಆನಿಸಿ ನಿಂತುಬಿಟ್ಟಿದ್ದರು. ಐದೂವರೆಗೆ ಅದು ಆರಕ್ಕೆ ಇಳಿದು ನಿಂತಿತು. ಯಾರೂ ಮುಟ್ಟದೆ, ಯಾರೂ ನಿಯಮ ಹೇಳಿಕೊಡದೆ, ಒಂದು ಹಗಲಿನಲ್ಲಿ ಅದು ಕೂಸುಗಳ ನೆತ್ತಿಯ ಸಪ್ಪಳವನ್ನು ತಿಳಿದುಕೊಂಡಿತ್ತು. ಉಚ್ಚಂಗೆಮ್ಮ ಪರದೆಯ ಹತ್ತಿರ ಹೋಗಿ, ಮಲಗಿದ ಮಗುವಿನ ಬಳಿ ಮಾತಾಡುವಷ್ಟು ಸಣ್ಣ ದನಿಯಲ್ಲಿ, ಇದಕ್ಕೆ ಕಲಿಸಿದ್ದು ಈ ಮಕ್ಕಳೇ ಅಂದಂಗಾಯ್ತು ಎಂದರು.

ಆದರೆ ಕಲಿತದ್ದು ನಿಜವೋ ಅಲ್ಲವೋ ಎಂದು ತಿಳಿಯುವುದು ಹೊಸ ಮಗು ಬಂದಾಗ. ಡಿಸೆಂಬರಿನಲ್ಲಿ ಕಂಪ್ಯೂಟರ್ ಬಿಕ್ಕಳಿಸುತ್ತಿದ್ದ ಒಂದು ದಷ್ಟಪುಷ್ಟ ಮಗುವಿಗೆ ಕಾಯಿಲೆ ಎಂದು ಹೇಳಿ ನಮ್ಮನ್ನು ಓಡಾಡಿಸಿತು. ಹೀಗಾಗಿ ಡಾಕ್ಟರು ಅದರ ಮಾತನ್ನು ಕೇಳಿಸಿಕೊಳ್ಳುತ್ತಿದ್ದರು, ನಂಬುತ್ತಿರಲಿಲ್ಲ.

ಮುಂದಿನ ಜನವರಿಯಲ್ಲಿ ಕಂಪ್ಲಿಯ ಕಡೆಯಿಂದ ಭೀಮವ್ವ ಎಂಬ ಹೆಣ್ಣುಮಗಳನ್ನು ಕರೆತಂದರು. ಕಬ್ಬು ಕಡಿಯುತ್ತಿದ್ದವಳಿಗೆ ಹೊಲದಲ್ಲೇ ನೋವು ಬಂದಿತ್ತು, ಏಳೂವರೆ ತಿಂಗಳಿಗೆ. ಗಂಡ ದುರುಗಣ್ಣ ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ಬಂದಿದ್ದ. ಹೆಣ್ಣು ಮಗು, ಒಂದು ಕಿಲೋ ಮುನ್ನೂರು ಗ್ರಾಂ. ಎರಡೂ ಅಂಗೈ ಜೋಡಿಸಿ ಮಲಗಿಸಿದರೆ ಕಾಲಷ್ಟೇ ಹೊರಗೆ. ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟೆವು. ಎರಡು ದಿನ ಎಲ್ಲ ಚೆನ್ನಾಗಿತ್ತು. ಮೈ ಗುಲಾಬಿ ಬಣ್ಣ, ಉಸಿರು ಸರಾಗ, ನಳಿಕೆಯಿಂದ ಬಿಟ್ಟ ಹಾಲು ಹಿಡಿಸುತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ಉಚ್ಚಂಗೆಮ್ಮ ಕಡ್ಡಿ ಹಿಡಿದರು. ಸಪ್ಪಳ ಬೇರೆಯಾಗಿತ್ತು. ಹುಶ್ಶ್ ಎಂದು ಏರಿದ್ದು ತಟ್ಟನೆ ಕತ್ತರಿಸಿ, ಆ ಖಾಲಿಯಲ್ಲಿ ಇನ್ನೊಂದು ಸಣ್ಣ ಉಸಿರಿನಂಥ ಸದ್ದು. ಪರದೆಯ ಮೇಲೆ ಪ್ರತಿ ಅಲೆಯೂ ಏರಿದ ಮೇಲೆ ನಡುಗೆರೆಯ ಕೆಳಗೆ ಬೀಳುತ್ತಿತ್ತು. ಅರ್ಧ ನಿಮಿಷದಲ್ಲಿ ಕಂಪ್ಯೂಟರ್ ತನ್ನ ತೀರ್ಪು ಕೊಟ್ಟಿತು: ಹರಿವು ಸರಿಯಿಲ್ಲ.

ಗವಿಸಿದ್ದಪ್ಪ ಡಾಕ್ಟರು ಬಂದು ಎದೆಗೆ ಸ್ಟೆತೊಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿದರು. ಹೃದಯದ ಸದ್ದು ಸ್ವಚ್ಛವಾಗಿತ್ತು. ಮಗುವನ್ನು ನೋಡಿದರೆ ಯಾವ ತೊಂದರೆಯೂ ಕಾಣುವುದಿಲ್ಲ. ಅವರು ಮಾರೆಪ್ಪನ ಕಡೆ ತಿರುಗಿದರು. ಮಾರೆಪ್ಪ ತನ್ನ ಯಂತ್ರದ ಪರ ವಹಿಸಲಿಲ್ಲ. ಅದು ಇನ್ನೂ ಕಲಿಯುತ್ತಿದೆ, ಇಷ್ಟು ಸಣ್ಣ ಮಗುವನ್ನು ಅದು ಈ ಮೊದಲು ನೋಡಿಲ್ಲ ಎಂದ. ಆಮೇಲೆ ಸ್ವಲ್ಪ ಹಿಂಜರಿದು, ಕೈ ಏನಾದರೂ ಭಾರ ಬಿದ್ದಿರಬಹುದೇ ನೋಡೋಣ ಎಂದ. ಕೇಳಲೇಬೇಕಾದ ಪ್ರಶ್ನೆ ಅದು. ಅವನಿಗೆ ಸುಂಕಮ್ಮನ ವಿಷಯ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ನಾನು ಉಚ್ಚಂಗೆಮ್ಮನವರ ಮುಖ ನೋಡಲಾಗದೆ ಪಕ್ಕಕ್ಕೆ ತಿರುಗಿದೆ.

ಅವರು ಕಡ್ಡಿ ಎತ್ತಿ, ಜೆಲ್ಲಿ ಒರೆಸಿ, ಹೊಸದಾಗಿ ಹಚ್ಚಿದರು. ಮತ್ತೆ ಹಿಡಿದರು. ಅದೇ ಗೆರೆ. ಈ ಸಲ ಕಡ್ಡಿಯನ್ನು ಮೆಲ್ಲಗೆ ಮೇಲೆತ್ತುತ್ತ ಹೋದರು. ತುದಿಗೂ ಚರ್ಮಕ್ಕೂ ನಡುವೆ ಜೆಲ್ಲಿಯ ಒಂದು ಎಳೆ ಮಾತ್ರ ಉಳಿದು, ಇನ್ನು ಒಂದು ನೂಲಿನಷ್ಟು ಎತ್ತಿದರೆ ಸದ್ದೇ ಹೋಗುತ್ತದೆ ಎಂಬಲ್ಲಿ ನಿಲ್ಲಿಸಿದರು. ಆಗಲೂ ಪ್ರತಿ ಅಲೆ ನಡುಗೆರೆಯ ಕೆಳಗೆ ಬೀಳುತ್ತಲೇ ಇತ್ತು. ಮೂರನೆಯ ಸಲವೂ ಹಾಗೆಯೇ ಮಾಡಿದರು.

"ಕೈ ನಂದು ಸರಿ ಐತ್ರಿ," ಎಂದರು. ಅವರ ದನಿ ಗಟ್ಟಿಯಾಗಿತ್ತು. "ರಕ್ತ ಮ್ಯಾಲಕ್ಕೆ ಹೋಗಿ ಹೊಳ್ಳಿ ಬರಾಕತ್ತೈತಿ. ಕಾಲುವ್ಯಾಗ ನೀರು ಹಿಂಗ ಹೊಳ್ಳಿ ಬಂದ್ರ ನಮ್ಮ ಮನ್ಯಾರು ಮೊದಲ ಹಿಂದಿನ ತೂಬು ನೋಡಾಕ ಹೋಗ್ತಾರ. ಹಿಂದ ಎಲ್ಲಾರ ತೆರದೈತೇನು ನೋಡ್ರಿ ಸಾರ್."

ಡಾಕ್ಟರು ಗಾಜಿನ ಪೆಟ್ಟಿಗೆಯ ಕಿಂಡಿಯಿಂದ ಕೈ ಹಾಕಿ ಮಗುವಿನ ಅಂಗೈಯನ್ನು ತಮ್ಮ ಎರಡು ಬೆರಳ ನಡುವೆ ಹಿಡಿದರು. ಅಷ್ಟು ಸಣ್ಣ ಮಗುವಿನ ಅಂಗೈಯಲ್ಲಿ ನಾಡಿ ಸಿಗುವುದೇ ಕಷ್ಟ. ಅಲ್ಲಿ ಅದು ಬೆರಳನ್ನು ತಳ್ಳುವಂತೆ ಕುಣಿಯುತ್ತಿತ್ತು. ನನ್ನನ್ನೂ ಮುಟ್ಟಿ ನೋಡಲು ಹೇಳಿದರು.

ತೂಬು ನಿಜವಾಗಿಯೂ ತೆರೆದಿತ್ತು. ಗರ್ಭದಲ್ಲಿರುವಾಗ ಮಗು ಉಸಿರಾಡುವುದಿಲ್ಲವಾದ್ದರಿಂದ ಶ್ವಾಸಕೋಶಕ್ಕೆ ಹೆಚ್ಚು ರಕ್ತ ಬೇಕಾಗುವುದಿಲ್ಲ. ಅದಕ್ಕಾಗಿ ಹೃದಯದ ಪಕ್ಕದಲ್ಲಿ ಎರಡು ದೊಡ್ಡ ನಾಳಗಳ ನಡುವೆ ಒಂದು ಅಡ್ಡದಾರಿ ಇರುತ್ತದೆ. ಹುಟ್ಟಿದ ಒಂದೆರಡು ದಿನದಲ್ಲಿ ಅದು ತಾನಾಗಿಯೇ ಮುಚ್ಚಿಕೊಳ್ಳಬೇಕು. ದಿನ ತುಂಬದ ಮಕ್ಕಳಲ್ಲಿ ಕೆಲವೊಮ್ಮೆ ಮುಚ್ಚುವುದಿಲ್ಲ. ಆಗ ತಲೆಗೆ ಹೋಗಬೇಕಾದ ರಕ್ತ ಅತ್ತ ಜಾರಿಹೋಗುತ್ತದೆ. ಸಾಮಾನ್ಯವಾಗಿ ಎದೆಯಲ್ಲಿ ಒಂದು ಗರ್ಜನೆಯಂಥ ಸದ್ದು ಕೇಳುತ್ತದೆ, ಅದರಿಂದ ಡಾಕ್ಟರುಗಳಿಗೆ ತಿಳಿಯುತ್ತದೆ. ದಾರಿ ಅಗಲವಾಗಿ ತೆರೆದಿದ್ದರೆ ಮೊದಮೊದಲು ಆ ಸದ್ದೂ ಇರುವುದಿಲ್ಲ. ಮಿದುಳು ಸದ್ದಿಲ್ಲದೆ ಹಸಿದಿರುತ್ತದೆ.

ಮುಚ್ಚಿಸುವ ಔಷಧಿ ಇತ್ತು. ಅದು ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದಾದ್ದರಿಂದ ಸುಮ್ಮನೆ ಕೊಡುವಂಥದ್ದಲ್ಲ. ಡಾಕ್ಟರು ಭೀಮವ್ವ ಮತ್ತು ದುರುಗಣ್ಣನನ್ನು ಕರೆದು ಎಲ್ಲವನ್ನೂ ಹೇಳಿದರು. ದುರುಗಣ್ಣ ಹೆಂಡತಿಯ ಮುಖ ನೋಡಿದ. ಭೀಮವ್ವ ಡಾಕ್ಟರನ್ನು ಬಿಟ್ಟು ಉಚ್ಚಂಗೆಮ್ಮನವರನ್ನು ಕೇಳಿದಳು: "ಯವ್ವಾ, ನಿನಗ ಏನು ಕೇಳಿಸ್ತು?" ಕೇಳಿದ್ದನ್ನು ಕೇಳಿದಂತೆ ಹೇಳಿದರು ಉಚ್ಚಂಗೆಮ್ಮ. ಭೀಮವ್ವ ಒಪ್ಪಿದಳು.

ಮಗುವಿಗೆ ಕೊಡುವ ನೀರಿನಂಶ ಕಡಿಮೆ ಮಾಡಿ ಔಷಧಿ ಶುರುಮಾಡಿದೆವು. ಬೆಳಿಗ್ಗೆ, ಸಂಜೆ ಸಪ್ಪಳ ಹಿಡಿದೆವು. ಮಾರನೆಯ ದಿನ ಅಲೆಯ ಅಡಿ ನಡುಗೆರೆಯ ತನಕ ಬಂತು, ಅದರ ಕೆಳಗೆ ಬೀಳುವುದು ನಿಂತಿತು. ಅದೇ ದಿನ ಮಧ್ಯಾಹ್ನ ಡಾಕ್ಟರಿಗೆ ಎದೆಯಲ್ಲಿ ಆ ಗರ್ಜನೆ ಮೊದಲ ಸಲ ಕೇಳಿಸಿತು. ದಾರಿ ಕಿರಿದಾಗುತ್ತಿದ್ದುದರಿಂದ ಈಗ ಸದ್ದು ಮಾಡುತ್ತಿದೆ ಎಂದರು. ಕಿವಿಯಿಂದ ಸ್ಟೆತೊಸ್ಕೋಪ್ ತೆಗೆದು ಕೈಯಲ್ಲಿ ಹಿಡಿದು, ಮೂವತ್ತು ವರ್ಷದಿಂದ ಇದನ್ನೇ ನಂಬಿದ್ದೇನೆ, ಇವತ್ತು ಇದು ಒಂದು ದಿನ ತಡವಾಗಿ ಹೇಳಿತು ಎಂದು ಅದನ್ನೇ ನೋಡುತ್ತ ನಿಂತರು. ಔಷಧಿ ಶುರುವಾದ ನಾಲ್ಕನೆಯ ದಿನ ಬೆಳಿಗ್ಗೆ ಉಚ್ಚಂಗೆಮ್ಮ ಕಡ್ಡಿ ಹಿಡಿದಾಗ ಸಪ್ಪಳ ಏರಿ, ಇಳಿದು, ಇಳಿದರೂ ನಿಲ್ಲದೆ ಮುಂದಿನದಕ್ಕೆ ಸೇರಿಕೊಂಡಿತು. ಭೀಮವ್ವ ಪೆಟ್ಟಿಗೆಯ ಗಾಜಿಗೆ ಹಣೆ ಹಚ್ಚಿ ಅದನ್ನು ಕೇಳಿದಳು. ಮಾರೆಪ್ಪ ಪರದೆಗೆ ಬೆನ್ನು ಮಾಡಿ ಕಿಟಕಿಯ ಕಡೆ ತಿರುಗಿ ನಿಂತಿದ್ದ. ಅವನು ಕಣ್ಣೊರೆಸಿಕೊಳ್ಳುತ್ತಿದ್ದ ಎಂದು ನನಗೆ ತಿಳಿಯಿತು.

ಅಂದು ಕೆಲಸ ಮುಗಿದ ಮೇಲೆ ಉಚ್ಚಂಗೆಮ್ಮ ಡಾಕ್ಟರ ಕೋಣೆಗೆ ಹೋದರು. ನನ್ನನ್ನೂ ಜೊತೆಗೆ ಕರೆದರು. ಇಪ್ಪತ್ತು ವರ್ಷ ಅದೇ ಡಾಕ್ಟರ ಕೈಕೆಳಗೆ ಕೆಲಸ ಮಾಡಿದರೂ ಮಗಳ ವಿಷಯವನ್ನು ಅವರು ಒಮ್ಮೆಯೂ ಎತ್ತಿರಲಿಲ್ಲ. ಈಗ ನಿಂತುಕೊಂಡೇ ಹೇಳಿದರು. ಹೆರಿಗೆ, ಅಳದ ಮಗು, ಬಳ್ಳಾರಿ ಡಾಕ್ಟರ ಒಂದು ಸಾಲು. ನೆತ್ತಿ ಮಿಡಿಯುತ್ತಿತ್ತು, ಆದರೂ ರಕ್ತ ಹೋಗಿಲ್ಲ ಎಂದರೆ ಹೇಗೆ ಎಂದು ಕೇಳಿದರು. ಆಮೇಲೆ ಅತ್ತೆಯ ಮಾತನ್ನೂ ಹೇಳಿದರು.

ಡಾಕ್ಟರು ಅವರನ್ನು ಕುರ್ಚಿಯ ಮೇಲೆ ಕೂರಿಸಿದರು.

"ನೀವ ನೋಡೀರಲ್ರಿ ಉಚ್ಚಂಗೆಮ್ಮನವರ, ಭೀಮವ್ವನ ಕೂಸಿನ ನೆತ್ತಿನೂ ಮಿಡೀತಿತ್ತು. ಮಿಡಿತ ಇದ್ದರೂ ನಡುವ ಹರಿವು ನಿಂತಿರಬಹುದು, ಹೊಳ್ಳಿ ಬರಬಹುದು. ಕಣ್ಣಿಗೆ ಅದು ಕಾಣಂಗಿಲ್ಲ. ಸುಂಕಮ್ಮಗ ಪೆಟ್ಟಾಗಿದ್ದು ಹುಟ್ಟೋದಕ್ಕಿಂತ ಮೊದಲು, ಆ ಎರಡು ದಿನದ ನೋವಿನಾಗ. ಅದಕ್ಕ ಅಳಲಿಲ್ಲ."

"ನನ್ನ ಕೈ?" ಎಂದರು ಅವರು.

"ಸಿಸ್ಟರು ಒತ್ತಿ ಹಿಡಿದಾಗ ಏನಾತು? ಗೆರೆ ಮುರೀತು. ಕೈ ತೆಗೆದ ಮ್ಯಾಲೆ?"

"ಹೊಳ್ಳಿ ಸರಿ ಆತ್ರಿ," ಎಂದರು ಉಚ್ಚಂಗೆಮ್ಮ. "ಎಲ್ಲಾ ಸಲ ಹೊಳ್ಳಿ ಸರಿ ಆತು."

ಅವರು ಅದನ್ನು ಹತ್ತಾರು ಸಲ ತಮ್ಮ ಕಣ್ಣಿನಿಂದಲೇ ನೋಡಿದ್ದರು. ತಮ್ಮ ಮಗಳಿಗೆ ಅದನ್ನು ಜೋಡಿಸಿ ನೋಡಿರಲಿಲ್ಲ ಅಷ್ಟೆ. ಈ ಯಂತ್ರ ಆಗ ಇದ್ದಿದ್ದರೆ ಮಗಳು ಸರಿ ಇರುತ್ತಿದ್ದಳೇ ಎಂದೂ ಕೇಳಿದರು. ಗೊತ್ತಿಲ್ಲ, ಬಹುಶಃ ಇಲ್ಲ ಎಂದು ಡಾಕ್ಟರು ನಿಜ ಹೇಳಿದರು. ಆ ಉತ್ತರಕ್ಕೆ ಅವರು ಕುಗ್ಗಲಿಲ್ಲ. ಹೊರಗೆ ಬಂದು ನಲ್ಲಿಯಲ್ಲಿ ಕೈಕಾಲು ಮುಖ ತೊಳೆದುಕೊಂಡು, ತಮ್ಮ ಎರಡೂ ಕೈಗಳನ್ನು ಬಿಸಿಲಿಗೆ ಹಿಡಿದು, ಬೇರೆ ಯಾರದೋ ಕೈಗಳನ್ನು ನೋಡುವಂತೆ ತಿರುಗಿಸಿ ತಿರುಗಿಸಿ ನೋಡಿದರು. ಮುಖದಲ್ಲಿ ಅಳು ಇರಲಿಲ್ಲ, ನಗುವೂ ಇರಲಿಲ್ಲ. ಮೊದಲ ಸಲ ಆ ಸಪ್ಪಳ ಕೇಳಿದಾಗ ಇದ್ದ ಮುಖವೇ ಅದು.

ಭೀಮವ್ವನ ಮಗು ಒಂಬತ್ತು ವಾರಕ್ಕೆ ಮನೆಗೆ ಹೋಯಿತು. ಮರುವರ್ಷ ತಪಾಸಣೆಗೆ ಕರೆತಂದಾಗ ಅದು ವಾರ್ಡಿನ ಮಂಚಗಳನ್ನು ಹಿಡಿದುಕೊಂಡು ನಡೆದು, ಮಾರೆಪ್ಪನ ಮೇಜಿನ ತನಕ ಹೋಗಿ, ತಂತಿ ಹಿಡಿದು ಎಳೆಯಿತು.

ಮಾರೆಪ್ಪನ ಸಂಶೋಧನೆ ಮುಗಿಯುವ ಹೊತ್ತಿಗೆ ನಾನೂರು ಮಕ್ಕಳ ಸಪ್ಪಳ ಕೂಡಿತ್ತು. ಯಂತ್ರ ಮುಂಚಿಗಿಂತ ಕಡಿಮೆ ತಪ್ಪುತ್ತಿತ್ತು, ಆದರೂ ತಪ್ಪುತ್ತಿತ್ತು. 1996ರಲ್ಲಿ ಬಳ್ಳಾರಿಯಲ್ಲಿ ಹತ್ತು ಮಂದಿ ನರ್ಸುಗಳಿಗೆ ಅದನ್ನು ಕಲಿಸುವ ಏರ್ಪಾಡಾಯಿತು. ಯಂತ್ರದ ಬಗ್ಗೆ ತಾನು ಹೇಳುತ್ತೇನೆ, ಕೈಯ ಬಗ್ಗೆ ಹೇಳಲು ಉಚ್ಚಂಗೆಮ್ಮನವರು ಬೇಕು ಎಂದು ಮಾರೆಪ್ಪ ಹಠ ಹಿಡಿದ. ನಾನೂ ಅವರೂ ಬೆಳಗಿನ ಬಸ್ಸಿಗೆ ಹೋದೆವು. ಅವರು ಮಾತಾಡುವುದಿಲ್ಲ ಎಂದರು. ಅದರ ಬದಲು ಅಡುಗೆಮನೆಯಿಂದ ಹತ್ತು ಬಟ್ಟಲು ಕಾಸಿ ಆರಿಸಿದ ಹಾಲು ತರಿಸಿದರು. ಕೆನೆ ಕಟ್ಟಿದ ಹಾಲಿನ ಮೇಲೆ ಕಡ್ಡಿಯ ತುದಿಯನ್ನು ಮೂರು ನಿಮಿಷ ಹಿಡಿಯಬೇಕು, ಕೆನೆ ಹರಿಯಬಾರದು, ಸುಕ್ಕೂ ಬೀಳಬಾರದು.

ಮೊದಲ ಗಂಟೆಯಲ್ಲಿ ಹತ್ತೂ ಬಟ್ಟಲುಗಳ ಕೆನೆ ಹರಿಯಿತು. ಉಚ್ಚಂಗೆಮ್ಮ ಬೈಯಲಿಲ್ಲ, ನಗಲಿಲ್ಲ. ಮತ್ತೆ ಹಾಲು ತರಿಸಿದರು. ಮಧ್ಯಾಹ್ನದ ಹೊತ್ತಿಗೆ ಸಿರುಗುಪ್ಪದ ಕಡೆಯ ಒಬ್ಬ ಚಿಕ್ಕ ವಯಸ್ಸಿನ ನರ್ಸ್ ಮೂರು ನಿಮಿಷ ಹಿಡಿದಳು. ಅವಳನ್ನು ಎಬ್ಬಿಸಿ, ಪಕ್ಕದ ವಾರ್ಡಿಗೆ ಕರೆದೊಯ್ದು, ಹಿಂದಿನ ದಿನ ಹುಟ್ಟಿದ ಒಂದು ಮಗುವಿನ ಬಳಿ ನಿಲ್ಲಿಸಿ, ಕಡ್ಡಿಯನ್ನು ಅವಳ ಕೈಗೆ ಕೊಟ್ಟರು. ಆ ಹುಡುಗಿ ಕಡ್ಡಿ ತಾಗಿಸಿ, ಸ್ವಲ್ಪ ವಾಲಿಸಿ, ಕಾದಳು. ಡಬ್ಬಿಯಲ್ಲಿ ಸಪ್ಪಳ ಎದ್ದಿತು. ಅವಳು ಬೆರಗಿನಿಂದ ತಲೆ ಎತ್ತಿ, ಇದು ಮಿದುಳಿನದೇ ಏನ್ರಿ ಎಂದು ಕೇಳಿದಳು. ಉಚ್ಚಂಗೆಮ್ಮ ಹೌದೆಂದು ತಲೆಯಾಡಿಸಿ, ಬಾಗಿಲಲ್ಲಿ ನಿಂತಿದ್ದ ಮಗುವಿನ ತಾಯಿಯನ್ನು ಒಳಗೆ ಬರ್ರಿ ಎಂದು ಕರೆದರು.